ಹುಣಸಗಿ ಬಸ್ಸಿನಾಗ ನನ್ನ ಬ್ಯಾಗು, ಶಹಾಪುರ ಬಸ್ಸಿನಾಗ ನಾನು

ಸುರಪುರ ಬಸ್ ಸ್ಟ್ಯಾಂಡಿನಾಗ ಕಿಟಕಿಯಿಂದ ಸೀಟ್ ಹಿಡಿಯೋ ವಿದ್ಯಾ ನನಗ ಬಂದಂಗ ಇನ್ನೊಬ್ಬರಿಗೆ ಬರಂಗಿಲ್ಲ ಅಂತ ನಾನು ಎರಡು ವರ್ಷ ನಂಬಿದ್ದೆ. ನಮ್ಮ ಕಡಿ ಬಸ್ಸು ನಿಲ್ಲೋಕಿಂತ ಮೊದಲೇ ಕಿಟಕಿಯೊಳಗ ಏನರೆ ಒಗೀಬೇಕು. ಟವೆಲ್ಲು, ಕರ್ಚೀಫು, ನೀರಿನ ಬಾಟ್ಲಿ, ಏನಾದ್ರೂ ನಡೀತದ. ಒಬ್ಬ ಅಜ್ಜ ತಲಿ ಮ್ಯಾಲಿನ ರುಮಾಲೇ ಬಿಚ್ಚಿ ಒಗದಿದ್ದು ನಾ ಕಣ್ಣಾರೆ ನೋಡೀನಿ. ಯಾವ ಸೀಟಿನ ಮ್ಯಾಲ ಯಾರ ವಸ್ತು ಬಿತ್ತೋ ಆ ಸೀಟು ಅವರದು. ಇದನ್ನ ಯಾರೂ ಬರದಿಟ್ಟಿಲ್ಲ, ಆದ್ರ ಯಾರೂ ಮೀರಂಗಿಲ್ಲ. ಶಹಾಪುರದ ಕಾಲೇಜಿಗೆ ಎಂ.ಎ. ಓದಾಕ ದಿನಾ ಹೋಗಾಕಿ ನಾನು. ಒಂದಿನಾನೂ ನಿಂತು ಹೋಗಿಲ್ಲ!

ಅವತ್ತು ನನ್ನ ಪ್ರಾಜೆಕ್ಟಿನ ವೈವಾ ಇತ್ತು. ವಿಷಯ ಏನಂದ್ರ, ವಿದ್ಯಾರ್ಥಿಗಳು ಕಾಲೇಜಿಗೆ ಹೆಂಗ ಬರ್ತಾರ, ಮೈಗೆ ಎಷ್ಟು ವ್ಯಾಯಾಮ ಆಗ್ತದ. ಗೋಗಿ, ಕಕ್ಕೇರಾ ಕಡಿಂದ ಬರೋ ಹುಡುಗ್ರು ಹುಡುಗೇರನ್ನ ಹಿಡದು ನಿಲ್ಲಿಸಿ ಪ್ರಶ್ನೆ ಕೇಳಿ ಬರದಿದ್ದೆ. ಹತ್ತಕ್ಕ ವೈವಾ ಶುರು. ಹೊರಗಿನಿಂದ ಬಂದ ಪರೀಕ್ಷಕರು ಹನ್ನೊಂದಕ್ಕ ಎದ್ದು ಯಾದಗಿರಿಗೆ ಹೋಗಿ ರೈಲು ಹತ್ತಾವ್ರು. ತಪ್ಪಿದ್ರ ಒಂದು ವರ್ಷ ಹೋತು!

ಮತ್ತ ಆ ಒಂದು ವರ್ಷ ನನಗ ಯಾರು ಕೊಡ್ತಾರ? ಮದುವಿ ಆಗಿ ಐದು ವರ್ಷ ಮನ್ಯಾಗ ಕುಂತು, ಅತ್ತಿ ಕೈಕಾಲು ಹಿಡದು ಓದಾಕ ಹತ್ತಿದಾಕಿ ನಾನು. ನಮ್ಮ ಮನಿ ಕುರಿ ಕೆಲಸ ಎಲ್ಲಾ ಆಕಿ ಒಬ್ಬಾಕೇ ಮಾಡ್ಯಾಳ. "ಒಂದ ಸಲಕ್ಕ ಪಾಸಾಗು. ಮೂರನೇ ವರ್ಷ ಅಂತ ನನ್ನ ಮುಂದ ಬಾಯಿ ತಗೀಬ್ಯಾಡ" ಅಂತ ಮೊದಲೇ ಹೇಳಿದ್ಲು. ಆಕಿ ಹೇಳಿದ ಮಾತು ಎಂದೂ ಬದಲಿ ಮಾಡಂಗಿಲ್ಲ.

ನನ್ನ ಗಂಡ ಮಲ್ಲಪ್ಪ, ಬಸ್ ಸ್ಟ್ಯಾಂಡ್ ಬಾಜೂಕ ಟೇಲರ್ ಅಂಗಡಿ ಇಟ್ಟಾರ. ಮುಂಜಾನೆ ಅವರು ಅಂದ್ರು, "ಇವತ್ತೊಂದಿನ ಗಾಡಿ ಮ್ಯಾಲ ಬಿಟ್ಟು ಬರ್ತೀನಿ, ನಡಿ."

"ನಿಮ್ಮ ಗಾಡಿ ನಂಬಿದ್ರ ನನ್ನ ವೈವಾ ಆದಂಗ! ನಾ ಸೀಟ್ ಹಿಡದು ಆರಾಮ ಕುಂತು ಓದಿಕೋತ ಹೋಗ್ತೀನಿ" ಅಂದೆ.

ಎಂಟೂವರೆಗೆ ಬಸ್ಸು ಬಂತು. ಮಂದಿ ನುಗ್ಗಿದ್ರು. ದಿನಾ ನಾನು ಟಿಫಿನ್ ಚೀಲ ಒಗೀತಿದ್ದೆ. ಅವತ್ತು ವೈವಾದ ಚಿಂತ್ಯಾಗ ಟಿಫಿನ್ನೇ ತಂದಿರಲಿಲ್ಲ. ಕೈಯಾಗ ಇದ್ದದ್ದು ಬ್ಯಾಗು. ಒಗದೆ! ಕಿಟಕಿ ಕಡಿ ಸೀಟಿನ ನಟ್ಟನಡು ಬಿತ್ತು. ನನ್ನ ಗುರಿಗೆ ನಾನೇ ಶಬ್ಬಾಸ್ ಅಂದ್ಕೊಂಡೆ.

ಅಷ್ಟರಾಗ ಯಾರೋ ಚೀರಿದ್ರು, "ಶಹಾಪುರದ್ದು ಹಿಂದಿಂದ್ರೋ!" ಮಂದಿ ಎಲ್ಲಾ ಹಿಂದಿನ ಬಸ್ಸಿಗೆ ತಿರುಗಿತು. ನಾ ತಿರುಗಲಿಲ್ಲ, ನನ್ನ ತಿರುಗಿಸಿದ್ರು! ಕಾಲು ನೆಲಕ್ಕ ಹತ್ತದೆ ಬಾಗಲಾ ದಾಟಿ ಒಳಗ ಬಂದೆ. ಒಳಗ ನನ್ನ ಗೆಳತಿ ಶಬಾನಾ ತನ್ನ ಬಾಜೂಕ ಕರ್ಚೀಫ್ ಹಾಕಿ ನನಗೂ ಸೀಟ್ ಹಿಡದಿದ್ಲು. "ಆಜಾ, ಜಲ್ದಿ ಆಜಾ!" ಅಂದ್ಲು. ಕುಂತೆ. ಬಸ್ಸು ಹೊಂಟಿತು. ಉಶ್ ಅಂದೆ.

ಕಂಡಕ್ಟರ್ ಬಂದು, "ಆಧಾರ್ ತೋರಿಸ್ರಿ ಅಕ್ಕೋರ" ಅಂದ.

ಬ್ಯಾಗಿಗೆ ಕೈ ಹಾಕಿದೆ. ಬ್ಯಾಗ್ ಇಲ್ಲ!

"ಅರೇ, ಬ್ಯಾಗ್ ಎಲ್ಲೇ?" ಅಂದ್ಲು ಶಬಾನಾ.

ಆ ಬ್ಯಾಗಿನಾಗ ಆಧಾರ್ ಇತ್ತು. ಹಾಲ್ ಟಿಕೆಟ್ ಇತ್ತು. ಗೈಡ್ ಸಾರ್ ಸಹಿ ಮಾಡಿದ ಒಂದೇ ಒಂದು ವರದಿ ಇತ್ತು. ಫೋನೂ ಅದರಾಗೇ! ವೈವಾಕ್ಕ ಹೊಂಟಾಕಿ ಶಿಸ್ತಿನಿಂದ ಇರಬೇಕು ಅಂತ ಮನ್ಯಾಗೇ ಸೈಲೆಂಟ್ ಮಾಡಿದ್ದೆ.

"ಆ ಮುಂದಿನ ಬಸ್ಸು ಎಲ್ಲಿಗ್ರಿ?" ಅಂತ ಕಂಡಕ್ಟರನ್ನ ಕೇಳಿದೆ.

"ಹುಣಸಗಿಗೆ. ನಮಗಿಂತ ಮೊದಲೇ ಹೋತಲ್ರಿ."

ಉತ್ತರಕ್ಕ ನಾನು, ಪಶ್ಚಿಮಕ್ಕ ನನ್ನ ಎಂ.ಎ.!

ಊರ ಹೊರಗ ಬಸ್ಸು ನಿಲ್ಲಿಸಿ ಇಳದೆ. "ನಿನ್ನ ಹೆಸರು ಕಡೀಕ ಕರಿಯಾಕ ಹೇಳ್ತೀನಿ, ನೀ ಓಡು!" ಅಂತ ಶಬಾನಾ ಕಿಟಕಿಯಿಂದ ಕೂಗಿದ್ಲು. ಸೀರಿ ಉಟ್ಟು ಓಡಿದೆ. ಎಂಟನೇ ಕ್ಲಾಸು ಮುಗಿದ ಮ್ಯಾಲ ನಾ ಓಡಿದ್ದು ಅದೇ ಮೊದಲು. ಹತ್ತು ಹೆಜ್ಜಿಗೆ ಪಕ್ಕಿ ಹಿಡೀತು, ಇಪ್ಪತ್ತು ಹೆಜ್ಜಿಗೆ ಚಪ್ಪಲಿ ಉಂಗುಷ್ಟ ಹರೀತು. ಬರಿಗಾಲಿಲೆ ಅಂಗಡಿ ಮುಟ್ಟಿದಾಗ ನಮ್ಮನಿಯವರು ಯಾರದೋ ಜಂಪರ್ ಹೊಲಿಯಾಕತ್ತಿದ್ರು.

"ವೈವಾ ಮುಗೀತೇನು?" ಅಂದ್ರು.

"ಹುಣಸಗಿ ಬಸ್ಸು ಹಿಡೀರಿ!"

"ಹುಣಸಗ್ಯಾಗ ಯಾವಾಗ ಕಾಲೇಜ್ ತಗದ್ರು?"

ಗಾಡಿ ಮ್ಯಾಲ ಕುಂತ ಮ್ಯಾಲ ವಿಷಯ ಹೇಳಿದೆ. ಅವರು ಬೈಲಿಲ್ಲ. ಬೈದಿದ್ರ ಚಲೋ ಇತ್ತು. "ನಾ ಬಿಡ್ತೀನಿ ಅಂದಿದ್ದೆ" ಅಂತ ಒಂದು ಹಳ್ಳಿಗೆ ಒಂದು ಸಲದಂತ ಹೇಳಿಕೋತ ಬಂದ್ರು. ದೂರದಾಗ ಬಸ್ಸು ಕಂಡಿತು. ಅದೇ ಹೊತ್ತಿಗೆ ನಮಗೂ ಬಸ್ಸಿಗೂ ನಡುವ ರಸ್ತೆ ತುಂಬ ಕುರಿ ಹಿಂಡು ಬಂತು! ಗಾಡಿ ನಿಂತಿತು. ಬಸ್ಸು ಹೊಂಟಿತು.

ನಾನು ಕುರಿ ಮನಿ ಸೊಸಿ. ಇಳದು ಸೆರಗು ಸೊಂಟಕ್ಕ ಸಿಗಿಸಿ, "ಹುರ್ರ್, ಹೇ ಹೇ!" ಅಂತ ಅತ್ತಿ ದನಿ ತಗದು ಹಿಂಡಿನ ಹಿಂದ ಓಡಿದೆ. ಕುರಿ ಮಾತು ಕೇಳಿದ್ವು. ಭಾಳ ಚಲೋ ಕೇಳಿದ್ವು! ರಸ್ತೆ ಬಿಟ್ಟು ಸೀದಾ ಕಾಲುವಿ ಕೆಳಗಿನ ಭತ್ತದ ಗದ್ದಿಗೆ ಇಳದ್ವು, ಹಿಂದ ನಾನೂ ಕೆಸರಿಗೆ ಇಳದೆ. ಕುರಿಯವ ಕೋಲು ಎತ್ತಿಕೊಂಡು, "ಯಾರವ್ವ ನೀ, ನನ್ನ ಹಿಂಡು ಹಾಳು ಮಾಡಾಕ ಬಂದಾಕಿ!" ಅಂತ ಬೆನ್ನು ಹತ್ತಿದ. ಗಾಡಿ ಹತ್ತೋದ್ರಾಗ ನನ್ನ ಜೀವ ಅರ್ಧ ಹೋಗಿತ್ತು.

ಮುಂದಿನ ಸ್ಟಾಪಿನಾಗ ಬಸ್ಸು ಸಿಕ್ಕಿತು. ಕಿಟಕ್ಯಾಗ ಹಣಿಕಿ ಹಾಕಿದೆ. ಏನಂತೀರಿ! ಬಸ್ಸಿನ ತುಂಬ ಮಂದಿ ನಿಂತಾರ, ನನ್ನ ಬ್ಯಾಗು ಮಾತ್ರ ಸೀಟಿನ ಮ್ಯಾಲ ಒಂದೇ ಆರಾಮ ಕುಂತದ. ಬಾಜೂಕ ಒಬ್ಬಾಕಿ ಅಜ್ಜಿ ಅದರ ಮ್ಯಾಲ ಕೈ ಇಟ್ಟು ಕಾಯಾಕತ್ತಾಳ!

"ಅಜ್ಜಿ, ಅದು ನಂದು, ಕೊಡು" ಅಂದೆ.

"ನಿಂದಾದ್ರ ಒಳಗ ಬಂದು ಕೂಡು. ಸುರಪುರದಿಂದ ಎಷ್ಟು ಮಂದಿ ಜೋಡಿ ಜಗಳಾ ಮಾಡೀನಿ ಈ ಸೀಟಿಗೆ! ಕಿಟಕಿಯಿಂದ ಕೊಡು ಅಂದ್ರ ಕಳ್ಳರಿಗೂ ಕೊಡಬೇಕಾಗ್ತದ."

ವಾದ ಮಾಡೋ ವ್ಯಾಳ್ಯಾ ಇಲ್ಲ. ಮಂದಿ ನಡುವ ತೂರಿ ಒಳಗ ಹೋಗಿ ಬ್ಯಾಗ್ ಎತ್ತಿದೆ. ಎತ್ತಿದ ಕೂಡಲೇ ಬಸ್ಸು ಬಿಟ್ಟಿತು!

"ನಿಲ್ಲಿಸ್ರಿ, ನಾ ಇಳೀಬೇಕು!"

ಕಂಡಕ್ಟರ್ ಸಿಟ್ಟಿಗೆದ್ದ. "ಇಷ್ಟೊತ್ತು ಸೀಟ್ ಖಾಲಿ ಇಡಿಸಿ, ಈಗ ಬಂದು ಇಳೀತೀನಂತೀರೇನ್ರಿ? ಮುಂದಿನ ಸ್ಟಾಪಿನ ತನ ಕೂಡ್ರಿ!"

ಕುಂತೆ. ವೈವಾ ಉತ್ತರಕ್ಕ, ನಾನು ಬ್ಯಾಗ್ ಸಮೇತ ಪಶ್ಚಿಮಕ್ಕ. ಹಿಂದ ನಮ್ಮನಿಯವರು ಹಾರ್ನ್ ಹೊಡಕೋತ ಬರಾಕತ್ತಿದ್ರು. ಹಣಿ ಮ್ಯಾಲ ಕೈ ಇಟ್ಟು ಅತ್ತೆ. ಖರೇನೇ ಅತ್ತೆ. ಅಜ್ಜಿ ಬೆನ್ನು ಸವರಿ, "ಯಾಕಳ್ತೀ? ಸೀಟ್ ಸಿಕ್ಕದಲ್ಲ" ಅಂದ್ಲು.

ಮುಂದಿನ ಊರಾಗ ಇಳದು ಗಾಡಿ ತಿರುಗಿಸಿದಾಗ ಒಂಬತ್ತೂವರೆ ದಾಟಿತ್ತು. ಸುರಪುರ ಹೋತು. ಶಹಾಪುರದ ಗುಡ್ಡ ಕಂಡಿತು. ಜೀವ ಬಂತು ಅನ್ನೋದ್ರಾಗ ಹಿಂದಿನ ಗಾಲಿ ಪಂಚರ್!

"ನಾ ಬಿಡ್ತೀನಿ ಅಂದಿದ್ದೆ" ಅಂತ ಶುರು ಮಾಡಿದ್ರು.

"ಸಾಕ್ರಿ!" ಅಂತ ಬ್ಯಾಗ್ ಅಪ್ಪಿಕೊಂಡು ಓಡಿದೆ. ಓಡಿದೆ ಅನ್ನೋದು ದೊಡ್ಡ ಮಾತು. ನಾ ಓಡೋದ್ರಾಗ ಒಂದು ಎತ್ತಿನ ಗಾಡಿ ನನ್ನ ದಾಟಿ ಹೋತು.

ಹನ್ನೊಂದಕ್ಕ ಹತ್ತು ನಿಮಿಷ ಇದ್ದಾಗ ವೈವಾ ಕೋಣ್ಯಾಗ ಕಾಲಿಟ್ಟೆ. ಪರೀಕ್ಷಕರು ಪೆನ್ ಮುಚ್ಚಿ ಜೇಬಿಗೆ ಹಾಕಾಕತ್ತಿದ್ರು. ಶಬಾನಾ ಎದುರಿಗೆ ನಿಂತು, "ಸಾರ್, ನನಗ ಇನ್ನೊಂದು ಪ್ರಶ್ನೆ ಕೇಳ್ರಿ, ಇನ್ನೊಂದು ಕೇಳ್ರಿ" ಅಂತ ಅವರನ್ನ ಹಿಡದು ಕುಂಡ್ರಿಸಿದ್ಲು. ತನ್ನ ವೈವಾ ಮುಗದ ಮ್ಯಾಲೂ ಪ್ರಶ್ನೆ ಬೇಡಿದ ವಿದ್ಯಾರ್ಥಿ ಆಕಿ ಒಬ್ಬಾಕೇ ಇರಬೇಕು.

ಗೈಡ್ ಸಾರ್ ನನ್ನ ಬರಿಗಾಲು ನೋಡಿ ಕಣ್ಣು ಕೆಂಪು ಮಾಡಿದ್ರು. ನಾ ವರದಿ ಮುಂದಿಟ್ಟು ಕುರ್ಚಿ ಮ್ಯಾಲ ಬಿದ್ದೆ. ಪರೀಕ್ಷಕರು ವರದಿಯ ಕಡೀ ಪುಟ ತಗದು ಗಟ್ಟಿಯಾಗಿ ಓದಿದ್ರು: "ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳ ದೇಹಕ್ಕೆ ಯಾವುದೇ ಶ್ರಮವಿರುವುದಿಲ್ಲ. ಅವರು ಕೇವಲ ಕುಳಿತು ಬರುತ್ತಾರೆ." ಆಮ್ಯಾಲ ಕನ್ನಡಕದ ಮ್ಯಾಲಿಂದ ನನ್ನ ನೋಡಿದ್ರು. ಮುಖದ ಮ್ಯಾಲ ಬೆವರು ಇಳೀತಿತ್ತು, ಸೀರಿ ತುಂಬ ಗದ್ದಿ ಕೆಸರು ಇತ್ತು.

"ನೀವು ಹೇಗೆ ಬರ್ತೀರಮ್ಮ?"

"ಬಸ್... ಬಸ್ಸಿಗೆ... ಸಾರ್."

"ಈ ತೀರ್ಮಾನಕ್ಕೆ ನೀವು ಬದ್ಧರೇ?"

ತಪ್ಪು ಬರದೀನಿ ಅಂತ ಹೇಳಬೇಕು ಅನಿಸ್ತು. ಆದ್ರ ಅದರ ಕೆಳಗ ಗೈಡ್ ಸಾರ್ ಸಹಿ ಇತ್ತು, ಮನ್ಯಾಗ ಅತ್ತಿ ಇದ್ಲು.

"ಸಂಪೂರ್ಣ ಬದ್ಧಳಾಗಿದ್ದೇನೆ, ಸಾರ್!" ಅಂದೆ.

ಅವರು ನಕ್ಕು ಅಂಕ ಬರದ್ರು. "ಪಾಸು. ಹೋಗಬಹುದು" ಅಂದ್ರು.

ನಾ ಹೋಗಲಿಲ್ಲ. ಏಳಾಕ ನೋಡಿದೆ. ಎರಡೂ ಮೀನಖಂಡ ಬಿಗದು ಕಲ್ಲಾಗಿದ್ವು. ಪರೀಕ್ಷಕರು ನಮಸ್ಕಾರ ಮಾಡಿ ರೈಲಿಗೆ ಹೋದ್ರು. ಗೈಡ್ ಸಾರ್ ಹೋದ್ರು. ನಾ ಕುಂತೇ ಇದ್ದೆ. ಹನ್ನೊಂದಕ್ಕ ಆ ಕೋಣ್ಯಾಗ ಬಿ.ಎ. ಕ್ಲಾಸಿತ್ತು. ಹುಡುಗ್ರು ಬಂದು ಸುತ್ತಲೂ ನಿಂತು ನೋಡಿದ್ರು. ಕಡೀಕ ಗೋಗಿ, ಕಕ್ಕೇರಾದಿಂದ ದಿನಾ ಬಸ್ಸಿಗೆ ಬರೋ ನಾಲ್ಕು ಮಂದಿ, ನನ್ನ ವರದಿ ಪ್ರಕಾರ ಮೈಯಾಗ ಕಸುವೇ ಇಲ್ಲದವರು, ನನ್ನ ಕುರ್ಚಿ ಸಮೇತ ಎತ್ತಿದ್ರು!

ಪಂಚರ್ ಗಾಡಿ ನೂಕಿಕೋತ ಗೇಟಿಗೆ ಬಂದ ನಮ್ಮನಿಯವರು, ನಾಲ್ಕು ಮಂದಿ ನನ್ನ ಹೊತ್ತು ತರೋದು ನೋಡಿ ಗಾಡಿ ಕೈಬಿಟ್ಟು ಓಡಿ ಬಂದ್ರು. "ಏನಾತು? ಜೀವ ಅದನೋ ಇಲ್ಲೋ?"

"ಪಾಸಾಗೀನ್ರಿ" ಅಂದೆ ಮ್ಯಾಲಿಂದ.

ಹುಡುಗ್ರು ಒಂದು ಹನಿ ಬೆವರದೆ ಮೆಟ್ಟಿಲು ಇಳಿಸಿ, ನನ್ನನ್ನ ಬೇವಿನ ಗಿಡದ ನೆಳ್ಳಾಗ ಇಟ್ಟು, ಕುರ್ಚಿ ಕಾಲೇಜಿಂದು ಅಂತ ಕಸಗೊಂಡು ಹೋದ್ರು.