ಏಳನೇ ಕ್ಲಾಸಿನ ನಮ್ಮತ್ತೆ

ಮಂಡ್ಯ ಜಿಲ್ಲೆಯಲ್ಲೇ ಅತ್ಯಂತ ತರಲೆ ವಿದ್ಯಾರ್ಥಿ ಯಾರು ಎಂದು ಸ್ಪರ್ಧೆ ಇಟ್ಟರೆ ಮೊದಲ ಬಹುಮಾನ ನಮ್ಮ ಮನೆಗೇ ಬರಬೇಕು. ಆ ವಿದ್ಯಾರ್ಥಿಗೆ ವಯಸ್ಸು ಅರವತ್ತಾರು, ಎರಡೂ ಮಂಡಿಯಲ್ಲಿ ನೋವು, ಬೆಳಿಗ್ಗೆ ಬಿಪಿಗೆ ಒಂದು ಮಾತ್ರೆ. ಸಂಬಂಧದಲ್ಲಿ ನನಗೆ ಅತ್ತೆ!

ಅಂದರೆ ನನ್ನ ಗಂಡನ ತಾಯಿ. ಮದ್ದೂರು, ಮಳವಳ್ಳಿ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಜೀವಮಾನವೆಲ್ಲ ಸೀಮೆಸುಣ್ಣದ ಪುಡಿ ಕುಡಿದು ನಿವೃತ್ತರಾದವರು. ಶಾಲೆಯಲ್ಲಿ ಪುಸ್ತಕದ ಕನ್ನಡ, ಮನೆಯೊಳಗೆ ಕಾಲಿಟ್ಟರೆ ತವರೂರು ಆತಗೂರಿನ ಅಚ್ಚ ಕನ್ನಡ. ಬೆಳಕವಾಡಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಗೆ ಪಾಠ ಮಾಡುವ ಕೆಲಸ ನನಗೆ ಸಿಕ್ಕಿದಾಗ ನನಗಿಂತ ಹೆಚ್ಚು ಕುಣಿದವರು ಅವರೇ. ಆರ್ಡರ್ ಕೈಗೆ ಬಂದ ಸಂಜೆಯಿಂದಲೇ ಉಪದೇಶ ಶುರುವಾಯಿತು.

"ಮೊದ್ಲ ದಿನ ಹೊಸ ಸೀರೆ ಉಡಬ್ಯಾಡ ಕಣಮ್ಮ. ಐಕ್ಳು ಪಾಠ ಕೇಳಾಕಿಲ್ಲ, ಸೀರೆ ಮ್ಯಾಲಿನ ಹೂವ ಎಣಿಸ್ತವೆ."

"ಎಡ್‌ಮಾಸ್ಟ್ರ ತಾವ ಕಳಿಸ್ತೀನಿ ಅಂತ ಹೆದರಿಸಬ್ಯಾಡ. ಅಲ್ಲಿಗಂಟ ನಡ್ಕಂಡು ಹೋಗೋದೇ ಅವಕ್ಕೆ ಮಜಾ."

"ಬಿಸಿಯೂಟದ ಅಮ್ಮನ ಜೊತೆ ಚೆನ್ನಾಗಿರು. ಯಾವ ಮನೇಲಿ ಏನು ನಡೀತೈತೆ ಅಂತ ಅವ್ಳಿಗೆ ಗೊತ್ತಿರೋವಷ್ಟು ಯಾವ ಆಫೀಸರ್‌ಗೂ ಗೊತ್ತಿರಾಕಿಲ್ಲ."

ನಾನೋ ಬಿ.ಎಡ್. ಮಾಡಿದವಳು! ಮಕ್ಕಳ ಮನಸ್ಸಿನ ಬಗ್ಗೆ ದಪ್ಪ ಪುಸ್ತಕ ಓದಿ ಎಪ್ಪತ್ತೆಂಟು ಅಂಕ ತೆಗೆದವಳು! ಅತ್ತೆಯ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಹೊಸ ಹೂವಿನ ಸೀರೆಯನ್ನೇ ಉಟ್ಟುಕೊಂಡು ಹೋದೆ. ಏಳನೇ ಕ್ಲಾಸಿನಲ್ಲಿ ಭಿನ್ನರಾಶಿ ಶುರುಮಾಡಿ ಹತ್ತು ನಿಮಿಷವಾಗಿತ್ತು, ಒಬ್ಬ ಹುಡುಗ ಕೈ ಎತ್ತಿದ. ಆಹಾ, ಮೊದಲ ದಿನವೇ ಪ್ರಶ್ನೆ! "ಕೇಳಪ್ಪಾ" ಎಂದೆ.

"ಮಿಸ್, ಸೆರಗಲ್ಲಿ ನಲವತ್ತೆರಡು ಹೂವ ಐತೆ. ಇವ್ನು ನಲವತ್ತೇ ಅಂತಾನೆ!"

ಅಲ್ಲಿಂದ ಎರಡು ತಿಂಗಳು ನಾನು ಪಟ್ಟ ಪಾಡು ನಾಯಿಗೂ ಬೇಡ. ಕೂಗಿ ಕೂಗಿ ನನ್ನ ಗಂಟಲು ಕೂತಿತೇ ಹೊರತು ಏಳನೇ ಕ್ಲಾಸು ಕೂರಲಿಲ್ಲ. ಒಂದು ಸಂಜೆ ಬ್ಯಾಗನ್ನು ಸೋಫಾ ಮೇಲೆ ಎಸೆದು ಘೋಷಿಸಿದೆ: "ದಸರಾ ರಜೆಯೊಳಗೆ ಆ ಕ್ಲಾಸು ನನ್ನ ಮಾತು ಕೇಳದಿದ್ದರೆ ನಾನು ಕೆಲಸ ಬಿಟ್ಟೆ!"

"ಸರ್ಕಾರಿ ಕೆಲಸಾನಾ?" ಎಂದರು ನನ್ನ ಗಂಡ. ಅವರನ್ನೇ ಬಿಡುತ್ತೇನೆ ಎಂದಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲವೇನೋ. ಅತ್ತೆ ಮಾತ್ರ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ತಣ್ಣಗೆ ಹೇಳಿದರು. "ನಾಳೆಯಿಂದ ದಿನಾ ಐದೂವರೆಗೆ ನನಗೆ ಪಾಠ ಮಾಡು. ನಾನೇ ಏಳನೇ ಕ್ಲಾಸು."

ತಮಾಷೆ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಮರುದಿನ ಅತ್ತೆ ಹಾಲ್‌ನಲ್ಲಿ ಚಾಪೆ ಹಾಸಿ, ಗೋಡೆಗೆ ಒರಗಿ, ಕಾಲು ಚಾಚಿ ಕೂತೇಬಿಟ್ಟಿದ್ದರು. ಪಕ್ಕದಲ್ಲಿ ಮಗನನ್ನೂ ಕೂರಿಸಿಕೊಂಡಿದ್ದರು. ನಾನು ಬಾಯಿ ತೆರೆದ ಐದೇ ನಿಮಿಷಕ್ಕೆ ಮಗ ನಿದ್ದೆ ಹೋದರು. "ಪ್ರತಿ ಕ್ಲಾಸಲ್ಲೂ ಇಂತಾವ್ನೊಬ್ಬ ಇರ್ತಾನೆ, ಬುಡು" ಎಂದರು ಅತ್ತೆ. ಆಮೇಲೆ ಕಿರುಬೆರಳು ಎತ್ತಿದರು. "ಮಿಸ್, ಒಂದಕ್ಕೆ!"

ಹೋಗಿ ಎಂದೆ. ಹೋದವರು ಬರಲೇ ಇಲ್ಲ. ಹುಡುಕಿಕೊಂಡು ಹೋದರೆ ಹಿತ್ತಲಲ್ಲಿ ನಿಂತು ಕರಿಬೇವು ಕೀಳುತ್ತಿದ್ದಾರೆ! "ಇನ್ನೊಬ್ಬ ವಾಪಸ್ ಬರೋಗಂಟ ಒಬ್ಬನ್ನ ಬುಡಬ್ಯಾಡ. ಬುಟ್ರೆ ಹಿಂಗೇ."

ಇನ್ನೊಂದು ದಿನ ಗೋಡೆಗೆ ಒರಗಿಸಿದ್ದ ಹಲಗೆಯ ಮೇಲೆ ಬರೆಯಲು ತಿರುಗಿದೆ. ಬೆನ್ನಿಗೆ ಟಪ್ಪೆಂದು ಒಂದು ಕಡಲೆಕಾಯಿ ಬಿತ್ತು. ತಿರುಗಿ ನೋಡಿದರೆ ಗಂಡ ಗೊರಕೆ ಹೊಡೆಯುತ್ತಿದ್ದಾರೆ, ಅತ್ತೆ ಗೌರಮ್ಮನ ಹಾಗೆ ಕೂತಿದ್ದಾರೆ. "ನಾನಲ್ಲ ಮಿಸ್! ನಮ್ಮಪ್ಪನಾಣೆ!" ಅತ್ತೆಯ ಅಪ್ಪ ಹೋಗಿ ಮೂವತ್ತು ವರ್ಷವಾಗಿದೆ, ಆಣೆಗೆ ಏನು ಖರ್ಚು? ಅವತ್ತಿನಿಂದ ಒಂದು ವಾರ ಏಡಿಯಂತೆ ಅಡ್ಡಡ್ಡ ನಿಂತು, ಒಂದು ಕಣ್ಣು ಹಲಗೆಗೆ, ಒಂದು ಕಣ್ಣು ಅತ್ತೆಗೆ ಇಟ್ಟು ಬರೆಯುವುದನ್ನು ಕಲಿತೆ.

ಎಲ್ಲಕ್ಕಿಂತ ಕಷ್ಟವಾಗಿದ್ದು ಬೈಯುವುದು. ಸೊಸೆಯಾದವಳು ಅತ್ತೆಗೆ "ಎದ್ದು ನಿಂತ್ಕೋ" ಅನ್ನುವುದು ಹೇಗೆ ಸ್ವಾಮಿ? "ಬಯ್ಯಮ್ಮ, ಬಯ್ಯಿ! ಇಂತಾ ಅವಕಾಸ ಯಾವ ಸೊಸೆಗೆ ಸಿಕ್ತದೆ?" ಎಂದು ಅವರೇ ಹುರಿದುಂಬಿಸಿದರು. ಸರಿ, ಒಂದು ಸಂಜೆ ಧೈರ್ಯ ಮಾಡಿ ಗುಡುಗಿದೆ. "ಬಾಯಿ ಮುಚ್ಕೊಂಡು ಕೂತ್ಕೋ! ಇನ್ನೊಂದು ಮಾತಾಡಿದ್ರೆ ಆಚೆ ನಿಲ್ಲಿಸ್ತೀನಿ!" ಅಷ್ಟೇ, ಎದುರುಮನೆಯ ಮೆಕ್ಯಾನಿಕ್ ಸಾಹೇಬರ ಹೆಂಡತಿ ಓಡಿ ಬಂದು ಬಾಗಿಲಲ್ಲಿ ನಿಂತರು. ನನ್ನನ್ನು ಕೆಂಗಣ್ಣಿನಿಂದ ನೋಡಿ, "ಟೀಚರಮ್ಮ, ಏನಾರಾ ತೊಂದ್ರೆ ಇದ್ರೆ ನಮ್ಮನೇಗೆ ಬಂದ್ಬುಡಿ" ಎಂದು ಅತ್ತೆಯನ್ನು ಕರೆದರು.

"ಏನಿಲ್ಲ ಕಣ್ ತಾಯಿ" ಎಂದರು ಅತ್ತೆ. "ನಾನು ಓಂವರ್ಕ್ ಮಾಡಿರ್ನಿಲ್ಲ, ಅದ್ಕೇ ಬೈತಾವ್ಳೆ."

ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದು ಕೆಲಸ ಮಾಡಿತು! ಅಂಥ ಅತ್ತೆಯನ್ನೇ ಪಳಗಿಸಿದವಳಿಗೆ ಹದಿಮೂರು ವರ್ಷದ ಹೈಕಳು ಯಾವ ಲೆಕ್ಕ? ಏಳನೇ ಕ್ಲಾಸು ಕೂರಲು ಕಲಿಯಿತು, ನಾನು ಪಿಸುಗುಟ್ಟಿ ಪಾಠ ಮಾಡಲು ಕಲಿತೆ. ಹೊಸದಾಗಿ ಕೆಲಸಕ್ಕೆ ಸೇರಿದ ಮೇಡಂಗಳೇ, ಮೇಷ್ಟ್ರುಗಳೇ, ನಿಮ್ಮ ಮನೆಯಲ್ಲಿ ಇಂಥ ಅತ್ತೆ ಇಲ್ಲದಿದ್ದರೆ ನಮ್ಮವರನ್ನು ಒಂದು ವಾರ ಕಡ ಕೊಡುತ್ತೇನೆ, ಬನ್ನಿ.

ದಸರಾ ರಜೆಗೆ ಇನ್ನು ನಾಲ್ಕು ದಿನವಿತ್ತು. ಆ ಸಂಜೆ ಅತ್ತೆ ಒಂದಕ್ಕೆ ಕೇಳಲಿಲ್ಲ, ಕಡಲೆಕಾಯಿ ಎಸೆಯಲಿಲ್ಲ, ತುಟಿ ಎರಡು ಮಾಡಲಿಲ್ಲ. ಇಡೀ ಪಾಠ ಮುಗಿಸಿ, "ಗೆದ್ದೆ ಅತ್ತೆ!" ಎಂದು ಕೈ ತಟ್ಟಿದೆ. ಅವರು ತಲೆ ತಗ್ಗಿಸಿಕೊಂಡು ಚಾಪೆಯ ಅಂಚು ಹಿಡಿದು ಕೂತಿದ್ದರು.

"ಇವತ್ತು ನಾನು ಯಾರು ಹೇಳು?" ಎಂದರು.

ನನ್ನ ಕ್ಲಾಸಿನ ಒಂದೆರಡು ತರಲೆಗಳ ಹೆಸರು ಹೇಳಿದೆ. ಅಲ್ಲ ಎಂದು ತಲೆಯಾಡಿಸಿದರು.

"ಪುಟ್ಟತಾಯಿ ಅಂತ. ಸೋಮನಳ್ಳಿಯಿಂದಾಚೆ ನನ್ನ ಮೊದಲ್ನೇ ಸ್ಕೂಲು, ಮೊದಲ್ನೇ ವರ್ಸ. ಗೋಡೆ ಪಕ್ಕ ಕೂರೋಳು. ಒಂದು ದಿನ ತಂಟೆ ಇಲ್ಲ, ತಕರಾರಿಲ್ಲ. ಒಳ್ಳೆ ಮಗ ಬುಡು ಅಂತ ನಾನು ಗಲಾಟೆ ಮಾಡೋ ಐಕ್ಳ ಹಿಂದೇನೇ ಬಿದ್ದೆ. ಹನ್ನೆರಡು ದಿನ ಬರ್ನಿಲ್ಲ. ಹನ್ನೆರಡು ದಿನಾನೂ ಗೈರು ಅಂತ ಬರ್ಕಂಡೆ, ಯಾಕೆ ಅಂತ ಒಬ್ರನ್ನೂ ಕೇಳ್ನಿಲ್ಲ. ಆಮ್ಯಾಕೆ ಮದುವೆ ಆಗೋಯ್ತು ಅಂದ್ರು." ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. "ನಿನ್ನ ಕ್ಲಾಸಲ್ಲೂ ಒಬ್ಳು ಇರ್ತಾಳೆ ಕಣಮ್ಮ. ಯಾರು ಹೇಳು ನೋಡಾನ."

ತರಲೆಗಳ ಹೆಸರನ್ನೆಲ್ಲ ನಾನು ನಿದ್ದೆಯಲ್ಲೂ ಹೇಳಬಲ್ಲೆ. ಅವಳು ಯಾರೆಂದು ಮಾತ್ರ ಹೇಳಲಾಗಲಿಲ್ಲ. ನಾಚಿಕೆಯಾಯಿತು.

ಮರುದಿನ ಹುಡುಕಿದೆ. ಕಿಟಕಿಯ ಪಕ್ಕ ಇದ್ದಳು, ಮೈಯನ್ನೆಲ್ಲ ಮುದುಡಿಕೊಂಡು. ಊಟದ ಹೊತ್ತಿನಲ್ಲಿ ಬಿಸಿಯೂಟದ ಅಮ್ಮನನ್ನು ಕೇಳಿದೆ. "ಆ ಮಗನಾ? ರಜ ಕಳುದ್ಮ್ಯಾಕೆ ಬರಾಕಿಲ್ಲ ಕಣ್ ಮಿಸ್. ಅವ್ಳವ್ವ ಗಾರ್ಮೆಂಟ್ಸ್‌ಗೆ ಸೇರ್ತಾವ್ಳೆ. ಮೂರು ವರ್ಸದ ಕೂಸೈತೆ, ನೋಡ್ಕಳೋರ್ಯಾರು?"

ಮನೆಗೆ ಬಂದು ಹೇಳಿದೆ. ಅತ್ತೆ ಚಪ್ಪಲಿ ಮೆಟ್ಟಿಕೊಂಡರು. "ಸ್ಕೂಟ್ರು ತೆಗಿ."

ಆ ಹುಡುಗಿಯ ಮನೆಯ ಜಗಲಿಯ ಮೇಲೆ, ನೋವಿನ ಮಂಡಿ ಮಡಚಿ ಕೂತು, ಕೂಸನ್ನು ತೊಡೆಗೆಳೆದುಕೊಂಡು ಮಾತು ಶುರುಮಾಡಿದರು. "ಅಂಗನವಾಡಿ ಇರೋದು ಸ್ಕೂಲ್ ಕಾಂಪೌಂಡಲ್ಲೇ ಅಲ್ವೇನವ್ವ? ಸ್ಕೂಲ್ ಹೊತ್ನಲ್ಲಿ ಕೂಸು ಅಲ್ಲಿರ್ಲಿ, ಮಗಳು ಪಕ್ಕದ ರೂಮಲ್ಲಿರ್ಲಿ. ಬರೋವಾಗ ಕರ್ಕಬತ್ತಾಳೆ. ನಮ್ಮ ಸೊಸೆ ಅಲ್ಲಿ ಹೇಳಿಡ್ತಾಳೆ." ತಾಯಿ ಅತ್ತ ನೋಡಿದಳು, ಇತ್ತ ನೋಡಿದಳು. "ನೀನು ಊ ಅನ್ನೋಗಂಟ ನಾನು ಇಲ್ಲಿಂದ ಏಳಾಕಿಲ್ಲ" ಎಂದರು ಅತ್ತೆ. ನಿಜ ಹೇಳಬೇಕೆಂದರೆ ಆ ಮಂಡಿ ಇಟ್ಟುಕೊಂಡು ಏಳಲು ಅವರಿಗೆ ಆಗುತ್ತಲೂ ಇರಲಿಲ್ಲ!

ತಾಯಿ ನಕ್ಕಳು. "ಊ, ಬುಡಿ ಮೇಡಂ. ಓದ್ಲಿ." ಬಾಗಿಲ ಹಿಂದೆ ನಿಂತಿದ್ದ ಹುಡುಗಿ ಓಡಿ ಬಂದು ಅತ್ತೆಗೆ ಕೈ ಕೊಟ್ಟು ಎಬ್ಬಿಸಿದಳು. ಕೆಲಸ ಬಿಡುವ ಮಾತು ನನಗೆ ಮತ್ತೆ ನೆನಪಾಗಲೇ ಇಲ್ಲ.

ವಾಪಸ್ ಬರುವಾಗ ಕಬ್ಬಿನ ಗದ್ದೆಗಳ ನಡುವೆ ನನ್ನ ಬೆನ್ನು ಒದ್ದೆಯಾದ ಹಾಗಾಯಿತು. "ಅತ್ತೆ, ಅಳ್ತಿದ್ದೀರಾ?"

"ರೋಡು ನೋಡ್ಕಂಡು ಓಡ್ಸು."

ಗದ್ದೆ ದಾಟಿ ಸ್ಕೂಟರನ್ನು ದೊಡ್ಡ ರಸ್ತೆಗೆ ತಿರುಗಿಸಿದೆ. ಆಮೇಲೆ ನನ್ನ ಭುಜದ ಮೇಲಿದ್ದ ಅವರ ಕೈ ಬಿಗಿಯಾಯಿತು.

"ಪುಟ್ಟತಾಯಿ ಮನೆ ಸ್ಕೂಲಿಂದ ಬರೀ ಎರಡು ಮೈಲಿ ಕಣಮ್ಮ. ನಡ್ಕಂಡೇ ಹೋಗ್ಬೋದಿತ್ತು."