ಉಡಿಯಾಗ ಕಾಯಿ, ಕಾಲಾಗ ಚೆಂಡು

ಹೊಸದಾಗಿ ಏನೇ ಶುರು ಮಾಡಿ, ಮೊದಲ ವರ್ಷ ಅದು ನಾವು ಹಾಕಿದ ಲೆಕ್ಕದಂತೆ ನಡೆಯುವುದಿಲ್ಲ. ತನಗೆ ತಿಳಿದ ದಾರಿಯಲ್ಲಿ ಹೋಗುತ್ತದೆ, ನಾವು ಹಿಂದೆ ಹಿಂದೆ ಓಡಬೇಕು. ಹೆಣ್ಣುಮಕ್ಕಳ ಫುಟ್‌ಬಾಲ್ ಕಪ್‌ನ ಮೊದಲ ವರ್ಷ ನೆನಪಾದರೆ ನಾನು ಈಗಲೂ ಒಬ್ಬಳೇ ಕೂತಲ್ಲಿ ನಗುತ್ತೇನೆ. ಮನೆಯವರು ಒಳಗಿನಿಂದ ಇಣುಕಿ ನೋಡಿ ಹೋಗುತ್ತಾರೆ.

ನಾನಾಗ ಬೈಲಹೊಂಗಲದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸುತ್ತಿದ್ದೆ. ಊರಿಗೆ ಟೀವಿ ಬರಲು ಇನ್ನೂ ಬಹಳ ವರ್ಷವಿತ್ತು. ಹತ್ತಿ ವ್ಯಾಪಾರದ ಒಬ್ಬ ಸಾಹುಕಾರರು ಎಲ್ಲಿಂದಲೋ ಮೊಣಕಾಲೆತ್ತರದ ಒಂದು ಕಪ್ ತಂದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರಿನ ಹೆಣ್ಣುಮಕ್ಕಳು ಇದಕ್ಕಾಗಿ ಆಡಲಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ಒಂದು ಷರತ್ತನ್ನೂ ಹೇಳಿದರು.

"ಪ್ರತಿ ಆಟಕ್ಕ ಹನ್ನೊಂದು ಮಂದಿ ಪೂರ್ತಿ ನಿಲ್ಲಬೇಕು. ಫೈನಲ್‌ದಾಗ ಒಂದು ತಂಡ ಗೆದ್ದು ತೋರಸಬೇಕು. ಇಲ್ಲಂದ್ರ ಮುಂದಿನ ವರ್ಷದಿಂದ ಈ ಕಪ್ ಗರಡಿಮನಿ ಪೈಲ್ವಾನರಿಗೆ."

ಗರಡಿಯವರು ಮರುದಿನವೇ ಬಂದು ದಾರ ಹಿಡಿದು ಕಪ್‌ನ ಎತ್ತರ ಅಳೆದುಕೊಂಡು ಹೋದರು. ಗೋಡೆಯಲ್ಲಿ ಗೂಡು ಮಾಡಿಸಲಿಕ್ಕಂತೆ!

ಸಣ್ಣವಳಿದ್ದಾಗ ನಾನು ಅಣ್ಣಂದಿರ ಆಟವನ್ನು ಮಾಳಿಗೆಯ ಮೇಲಿಂದ ನೋಡುತ್ತಿದ್ದೆ. ಚೆಂಡು ಚರಂಡಿಯಲ್ಲಿ ಬಿದ್ದರೆ ತೆಗೆದುಕೊಡುವುದಷ್ಟೇ ನನ್ನ ಪಾಲಿನ ಆಟ. ಹಾಗಾಗಿ ಕಪ್ ಯಾವ ಊರಿಗೆ ಹೋದರೂ ನನಗೆ ನಡೆಯುತ್ತಿತ್ತು, ಗರಡಿಗೆ ಮಾತ್ರ ಹೋಗಬಾರದಿತ್ತು. ಈ ಆಟ ಮುಂದಿನ ವರ್ಷವೂ ಇರಬೇಕು ಅನ್ನುವುದೊಂದೇ ನನ್ನ ಹಟ.

ಒಂದು: ಗಂಡನ ಹೆಸರು

ಹೆಸರು ಬರೆದುಕೊಳ್ಳಲು ಕಪ್ ನಡೆಸುವ ಸಮಿತಿಯ ಗುಮಾಸ್ತರು ಶಾಲೆಗೆ ಬಂದರು. ನಾನು ತಯಾರು ಮಾಡುತ್ತಿದ್ದ ನಮ್ಮೂರಿನ ತಂಡದಲ್ಲಿ ಆರು ಮಂದಿ ಲಗ್ನವಾದವರು. ಲಗ್ನವಾಗದವರು ಅಪ್ಪನ ಹೆಸರು ಹೇಳಿ ಐದು ನಿಮಿಷದಲ್ಲಿ ಮುಗಿಸಿದರು. ಆಮೇಲೆ ಗೋಲ್‌ಕೀಪರ್ ಸರದಿ ಬಂತು. ಆಕೆ ಬಳೆ ಅಂಗಡಿಯವರ ಸೊಸೆ, ಮೂರು ಮಕ್ಕಳ ತಾಯಿ, ಯಾರಿಗೂ ಹೆದರುವವಳಲ್ಲ.

"ಗಂಡನ ಹೆಸರು ಹೇಳ್ರಿ" ಎಂದರು ಗುಮಾಸ್ತರು.

ಆಕೆ ಕೆಂಪಾದಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ನೆಟ್ಟಗೆ ಹೇಳುವುದಿಲ್ಲ. ಹೇಳಲೇಬೇಕಾಗಿ ಬಂದರೆ ಎರಡು ಸಾಲಿನ ಪದ್ಯ ಕಟ್ಟಿ, ಅದರೊಳಗೆ ಇಟ್ಟು ಹೇಳಬೇಕು. ಅದಕ್ಕೆ ಒಡಪು ಅನ್ನುತ್ತೇವೆ.

"ಒಡಪು ಹಾಕಲೇನ್ರಿ?" ಎಂದಳು.

"ಒಡಪು ಬ್ಯಾಡ್ರಿ ತಾಯಿ, ಬರೇ ಹೆಸರ ಸಾಕು."

"ಬರೇ ಹೆಸರ ಬಾಯಾಗ ಬರಂಗಿಲ್ರಿ."

ಗುಮಾಸ್ತರು ಪೆನ್ನು ಕೆಳಗಿಟ್ಟರು. ಆಕೆ ಕಣ್ಣು ಮುಚ್ಚಿ, "ಪ್ಯಾಟ್ಯಾಗಿನ ತಕ್ಕಡಿ ತೂಗತೈತಿ ಸರಿಯಾಗಿ, ಬಸಪ್ಪನವರ ಹೆಸರ ಹೇಳತೇನಿ ಫುಟ್‌ಬಾಲ್ ಸಲುವಾಗಿ" ಎಂದಳು. ಹುಡುಗಿಯರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಮುಂದಿನವಳು ಕಡಿಮೆ ಬೀಳುತ್ತಾಳೆಯೇ? ಆಕೆಯದು ನಾಲ್ಕು ಸಾಲು. ಅದರ ಮುಂದಿನವಳದು ಆರು ಸಾಲು, ಅದರಲ್ಲಿ ಮಲಪ್ರಭಾ ಹೊಳೆಯೂ ಹರಿದು ಹೋಯಿತು. ಕೊನೆಯವಳಂತೂ, "ಸೋಮವಾರ ಬರ್ರಿ, ಛಲೋದೊಂದ ಕಟ್ಟಿ ಇಟ್ಟಿರತೇನಿ" ಎಂದುಬಿಟ್ಟಳು.

ಗುಮಾಸ್ತರು ಪ್ರಾಮಾಣಿಕ ಮನುಷ್ಯ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದುಕೊಂಡರು. ಗಂಡನ ಹೆಸರಿನ ಕಾಲಂ ಸಾಲದೆ ವಯಸ್ಸಿನ ಕಾಲಂ, ವಿಳಾಸದ ಕಾಲಂ ಎಲ್ಲ ತುಂಬಿ ಪದ್ಯ ಹಾಳೆಯ ಹಿಂದಕ್ಕೂ ಹೋಯಿತು.

ವಾರದ ಮೇಲೆ ಉಳಿದ ಊರುಗಳ ಪಟ್ಟಿ ನಮ್ಮ ಕೈಗೆ ಬಂತು. ರಾಮದುರ್ಗದವರದ್ದೂ ಪದ್ಯದಲ್ಲೇ ಇತ್ತು. ಒಬ್ಬಾಕೆ ಗಂಡನ ಹೆಸರಿನ ಜೊತೆ ಪೆನಾಲ್ಟಿ ಕಿಕ್ಕನ್ನೂ ಪ್ರಾಸಕ್ಕೆ ಕೂರಿಸಿದ್ದಳು. ನಮ್ಮವರು ಅದನ್ನು ಎರಡೆರಡು ಸಲ ಓದಿ ನೋಡಿದರು. ಒಂದು ಚೆಂಡನ್ನೂ ಒದೆಯುವ ಮೊದಲೇ ನಾವು ರಾಮದುರ್ಗಕ್ಕೆ ಸೋತಿದ್ದೆವು.

ಎರಡು: ಕಿತ್ತೂರಿನ ಉಪಚಾರ

ಮೊದಲ ಆಟ ಕಿತ್ತೂರಿನಲ್ಲಿ. ನಮ್ಮ ಹನ್ನೆರಡು ಮಂದಿ ಬಸ್ಸಿಳಿದರು: ಆಡುವವರು ಹನ್ನೊಂದು, ಯಾರಿಗಾದರೂ ಪೆಟ್ಟಾದರೆ ಇಳಿಯಲು ಒಬ್ಬಳು. ಲಗ್ನವಾದವರು ಕಚ್ಚೆ ಹಾಕಿ ಸೀರೆ ಉಟ್ಟಿದ್ದರು, ಉಳಿದವರು ಪೈಜಾಮದ ಮೇಲೆ ಓಢಣಿ ಬಿಗಿದು ಕಟ್ಟಿದ್ದರು.

ಮೈದಾನಕ್ಕೆ ಕಾಲಿಟ್ಟೆವೋ ಇಲ್ಲವೋ, ಕಿತ್ತೂರಿನ ಹೆಣ್ಣುಮಕ್ಕಳು ಅರಿಷಿಣ ಕುಂಕುಮದ ತಟ್ಟೆ ಹಿಡಿದು ಬಂದರು. "ಮೊದಲನೇ ಸಲ ನಮ್ಮೂರಿಗೆ ಬಂದೀರಿ, ಬರಿ ಉಡೀಲೆ ಹೆಂಗ ಆಡೋದು?" ಎಂದು ಹನ್ನೆರಡೂ ಮಂದಿಗೆ ಉಡಿ ತುಂಬಿದರು. ಅಕ್ಕಿ, ಎಲೆ, ಅಡಿಕೆ, ಉತ್ತತ್ತಿ, ಮೇಲೊಂದು ತೆಂಗಿನಕಾಯಿ.

ರೆಫರಿ ಸೀಟಿ ಹಿಡಿದು ನಿಂತಿದ್ದರು. "ಅದನ್ನ ಕೆಳಗ ಇಟ್ಟು ಬರ್ರಿ" ಎಂದರು.

"ಉಡಿ ತುಂಬಿದ್ದನ್ನ ನೆಲಕ್ಕ ಇಡಬಾರದ್ರಿ" ಎಂದರು ನಮ್ಮವರೂ ಕಿತ್ತೂರಿನವರೂ ಒಂದೇ ದನಿಯಲ್ಲಿ. ಆ ಹೊತ್ತಿಗೆ ಎರಡೂ ತಂಡ ಒಂದೇ ಆಗಿತ್ತು.

ಕಡೆಗೆ ನಮ್ಮ ಹನ್ನೆರಡನೆಯವಳು ಅಂಚಿನಲ್ಲಿ ಕಾಲು ಚಾಚಿ ಕೂತು ಸೆರಗು ಹರವಿದಳು. ಹನ್ನೊಂದೂ ಮಂದಿಯ ಉಡಿ ಅವಳ ಮಡಿಲಿಗೆ ಹೋಯಿತು, ತನ್ನದು ಸೊಂಟದಲ್ಲಿ ಬೇರೆ. ಆಟ ಶುರುವಾಯಿತು, ನಾವು ಒಂದು ಗೋಲು ಹೊಡೆದೆವು. ಅಷ್ಟರಲ್ಲಿ ನಮ್ಮ ಡಿಫೆನ್ಸಿನ ಹುಡುಗಿ ಕಾಲು ಉಳುಕಿಸಿಕೊಂಡು ಕೂತುಬಿಟ್ಟಳು.

"ಬಾರs ಬೇ, ಲಗೂ!" ಎಂದು ನಾನು ಹನ್ನೆರಡನೆಯವಳಿಗೆ ಕೂಗಿದೆ.

"ಹೆಂಗ ಬರ್ಲಿರಿ ಅಕ್ಕೋರ? ಹನ್ನೆರಡ ಕಾಯಿ ಅದಾವು!"

ಹತ್ತು ಮಂದಿ ಆಡಿದರೆ ಷರತ್ತು ಮುರಿದ ಹಾಗೆ, ಮೊದಲ ಆಟದಲ್ಲೇ ಕಪ್ ಗರಡಿಯ ಗೂಡಿಗೆ. ಕಾಲು ಉಳುಕಿದವಳನ್ನು ಎತ್ತಿ ತಂದು ಅವಳ ಪಕ್ಕ ಕೂರಿಸಿದೆವು. ಇವಳ ಮಡಿಲಿನಿಂದ ಅವಳ ಮಡಿಲಿಗೆ ಒಂದೊಂದೇ ಕಾಯಿ, ಬಲಗೈಯಲ್ಲೇ, ಕಣ್ಣಿಗೊತ್ತಿಕೊಂಡು. ರೆಫರಿ ಗಡಿಯಾರ ನೋಡುತ್ತ ನಿಂತರು. ಹನ್ನೊಂದು ಹೋದವು. ತನ್ನದನ್ನು ಮಾತ್ರ ಅವಳು ಕೊಡಲಿಲ್ಲ. "ನನ್ನ ಉಡಿ ನಾ ಬಿಚ್ಚಂಗಿಲ್ರಿ" ಎಂದು ಸೊಂಟಕ್ಕೆ ಭದ್ರವಾಗಿ ಗಂಟು ಹಾಕಿ, ಕಾಯಿ ಸಮೇತ ಮೈದಾನಕ್ಕೆ ಇಳಿದಳು.

ಆಮೇಲೆ ನಡೆದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಕಿತ್ತೂರಿನ ಆಟಗಾರ್ತಿ ಚೆಂಡು ತಳ್ಳಿಕೊಂಡು ಗಾಳಿಯ ಹಾಗೆ ಬರುವಳು, ಎದುರಿಗೆ ತುಂಬಿದ ಉಡಿ ಕಂಡ ಕೂಡಲೇ ನಿಂತುಬಿಡುವಳು. ಅವರ ಮಾಸ್ತರರು ಹೊರಗಿನಿಂದ "ನುಗ್ಗs!" ಎಂದು ಗಂಟಲು ಹರಿದುಕೊಂಡರು.

"ನಾವs ತುಂಬಿದ ಉಡಿಗೆ ನಾವs ಹೆಂಗ ಡಿಕ್ಕಿ ಹೊಡೀಬೇಕ್ರಿ ಸರ?" ಎಂದಳು ಅವಳು.

ಒಂದು ಗೋಲಿನಿಂದ ಗೆದ್ದೆವು. ಮುಂದಿನ ಆಟಕ್ಕೆ ನಮ್ಮ ಹನ್ನೊಂದೂ ಮಂದಿ ಮನೆಯಿಂದಲೇ ಉಡಿ ತುಂಬಿಸಿಕೊಂಡು ಬಂದರು. ಆ ಸಂಜೆಯೇ ಸಮಿತಿ ಹೊಸ ನಿಯಮ ಬರೆಯಿತು: ಉಡಿ ತುಂಬುವುದೇನಿದ್ದರೂ ಆಟ ಮುಗಿದ ಮೇಲೆ.

ಮೂರು: ತಾಯಿಯ ಕಷ್ಟ

ಸವದತ್ತಿಯಲ್ಲಿ ಆಡಿದ ಆಟದ ಕಥೆಯೇ ಬೇರೆ. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಮಂದಿ ಮೈದಾನದ ಪಕ್ಕದಲ್ಲೇ ಬಂಡಿ ಬಿಟ್ಟಿದ್ದರು. ದೂರದಿಂದ ಬಂದ ಒಬ್ಬ ಮುದುಕಿ ಹಣೆ ತುಂಬ ಅರಿಷಿಣದ ಭಂಡಾರ ಹಚ್ಚಿಕೊಂಡು ನನ್ನ ಪಕ್ಕ ಬಂದು ಕೂತಳು. ಇಪ್ಪತ್ತೆರಡು ಹೆಣ್ಣುಮಕ್ಕಳು ಬಿಸಿಲಲ್ಲಿ ಅತ್ತ ಇತ್ತ ಓಡುವುದನ್ನು ನೋಡಿ ಅವಳ ಕಣ್ಣಲ್ಲಿ ನೀರು ಬಂತು.

"ಇದ್ಯಾವ ಹರಕಿ ಯವ್ವಾ? ಇಷ್ಟ ಕಠಿಣ?"

ಹರಕೆಯಲ್ಲ, ಆಟ ಎಂದು ಬಿಡಿಸಿ ಹೇಳುವಷ್ಟು ವ್ಯವಧಾನ ನನಗಿರಲಿಲ್ಲ. ನಾವಾಗ ಒಂದು ಗೋಲು ಹಿಂದಿದ್ದೆವು. "ಗೆಲ್ಲಬೇಕಂತ ಓಡಾಕ ಹತ್ತ್ಯಾರ ಅಜ್ಜಿ" ಎಂದೆ.

"ಈ ಕಡಿ ಹನ್ನೊಂದ ಮಂದಿನೂ?"

"ಹೌದು."

"ಆ ಕಡಿ ಹನ್ನೊಂದ ಮಂದಿನೂ?"

"ಅವರೂ ಅದs."

ಅಜ್ಜಿ ಗುಡ್ಡದ ಕಡೆ ತಿರುಗಿ ಕೈಮುಗಿದಳು. "ತಾಯಿಗೂ ಭಾಳ ತ್ರಾಸ ಐತಿ ನೋಡು" ಎಂದಳು. ಕೊನೆಗೆ ನಾವೂ ಒಂದು ಹೊಡೆದು ಆಟ ಸಮವಾಯಿತು. ಅಜ್ಜಿ ಏಳುತ್ತ ಮತ್ತೆ ಗುಡ್ಡದ ಕಡೆ ನೋಡಿ ಹೇಳಿದಳು: "ಪಾಪ, ತನ್ನ ಕೈಲಾದಷ್ಟು ಮಾಡಿದ್ಲು."

ನಾಲ್ಕು: ಹೊಲ ನೋಡಿದ ಮಾವ

ರಾಮದುರ್ಗಕ್ಕೆ ಹೋಗಿ ನಾವು ಸೋತು ಬಂದೆವು. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ, ಬಿಡಿ. ಆದರೂ ಎರಡನೇ ಸ್ಥಾನ ಸಿಕ್ಕಿ ಫೈನಲ್‌ಗೆ ಬಂದೆವು. ಎದುರಿಗೆ ಮತ್ತೆ ರಾಮದುರ್ಗ, ಆಟ ನಮ್ಮ ಬೈಲಹೊಂಗಲದಲ್ಲಿ. ಸಾಹುಕಾರರು ಮೇಜಿನ ಮೇಲೆ ಕಪ್ ಇಟ್ಟುಕೊಂಡು ಕೂತಿದ್ದರು. ಗರಡಿಯ ಪೈಲ್ವಾನರು ಹಿಂದೆ ಸಾಲಾಗಿ ನಿಂತಿದ್ದರು. ಆಟ ಸಮವಾದರೆ ಎತ್ತಿಕೊಂಡು ಹೋಗಲು ಒಬ್ಬ ಗೋಣಿಚೀಲವನ್ನೂ ತಂದಿದ್ದ.

ನಮ್ಮ ಗೋಲುಗಳನ್ನೆಲ್ಲ ಹೊಡೆದವಳು ಒಬ್ಬಳೇ, ದೊಡ್ಡ ಒಕ್ಕಲು ಮನೆತನದ ಕಿರಿಯ ಸೊಸೆ. ಅವಳ ಆಟವನ್ನು ಮನೆಯವರು ಯಾರೂ ನೋಡಿರಲಿಲ್ಲ. ಪೇಟೆಯಲ್ಲಿ ಜನ ಹೊಗಳುವುದನ್ನು ಕೇಳಿ ಕೇಳಿ, ಆ ದಿನ ಅವಳ ಮಾವ ತಲೆಗೆ ಪಟಕಾ ಸುತ್ತಿಕೊಂಡು ತಾವೇ ಬಂದುಬಿಟ್ಟರು. ಬಂದವರು ನೇರವಾಗಿ ರಾಮದುರ್ಗದ ಗೋಲಿನ ಹಿಂದೆ ಹೋಗಿ ನಿಂತರು. "ನಮ್ಮ ಸೊಸಿ ಕೆಲಸ ಎಲ್ಲಾ ಈ ಕಂಬದ ಹತ್ರs ಐತಂತ" ಎಂದರು.

ಹತ್ತು ನಿಮಿಷದಲ್ಲಿ ಅವಳು ಚೆಂಡು ಹಿಡಿದು ನಾಲ್ವರನ್ನು ದಾಟಿದಳು. ಎದುರಿಗೆ ಗೋಲ್‌ಕೀಪರ್ ಒಬ್ಬಳೇ. ಒದೆಯಲು ತಲೆ ಎತ್ತಿದಳು, ಕಂಬಗಳ ನಡುವೆ ಮಾವ ಕಂಡರು. ಅಲ್ಲೇ ನಿಂತಳು. ಸೊಂಟದ ಸೆರಗು ಬಿಚ್ಚಿ ತಲೆಯ ಮೇಲೆ ಎಳೆದುಕೊಂಡು, ಮೈ ಹಿಡಿಮಾಡಿಕೊಂಡು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಗೋಲ್‌ಕೀಪರ್ ನಡೆದುಕೊಂಡೇ ಬಂದು ಚೆಂಡು ಎತ್ತಿಕೊಂಡಳು. ಹೀಗೆ ಮೂರು ಸಲ ಆಯಿತು.

ಅರ್ಧ ಆಟ ಮುಗಿಯಿತು. ಯಾರದೂ ಗೋಲಿಲ್ಲ. ಅವಳು ನನ್ನ ಮುಂದೆ ಅಳುತ್ತ ನಿಂತಳು. "ಕಾಲ ಮುಂದ ಹೊಕ್ಕಾವ್ರಿ ಅಕ್ಕೋರ, ಕೈ ತಲಿಗೆ ಹೊಕ್ಕೈತಿ. ನಾ ಏನ ಮಾಡ್ಲಿ?"

ಇನ್ನರ್ಧಕ್ಕೆ ತಂಡಗಳು ದಿಕ್ಕು ಬದಲಾಯಿಸುತ್ತವೆ, ಮಾವ ಹಿಂದೆ ಉಳಿಯುತ್ತಾರೆ ಎಂದು ನಾನು ಸಮಾಧಾನ ಮಾಡಿದೆ. ಆದರೆ ರಾಮದುರ್ಗದ ಕ್ಯಾಪ್ಟನ್ ಜಾಣೆ. ತಾನೇ ಒಂದು ಕುರ್ಚಿ ಹೊತ್ತು ತಂದು, "ಯಜಮಾನ್ರ, ಇಲ್ಲಿ ಬಿಸಲ ಭಾಳ ಐತಿ. ಆ ಕಡಿ ನೆಳ್ಳಾಗ ಬರ್ರಿ" ಎಂದು ಕರೆದೊಯ್ದು ಇನ್ನೊಂದು ಗೋಲಿನ ಹಿಂದೆ ಕೂರಿಸಿದಳು. ಯಜಮಾನರಿಗೆ ಸಂತೋಷವೋ ಸಂತೋಷ. "ರಾಮದುರ್ಗದ ಮಂದಿ ಭಾಳ ಛಲೋ" ಎಂದರು.

ಹಿರಿಯರಿಗೆ ಎದ್ದು ಹೋಗಿ ಎಂದು ಹೇಳುವವರಾರು? ಕಪ್ ಕಡೆ ನೋಡಿದೆ, ಗೋಣಿಚೀಲದ ಕಡೆ ನೋಡಿದೆ. ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಅವರು ಮೀಸೆ ತಿರುವಿದರು.

"ಆಕಿ ನನಗ ಮರ್ಯಾದಿ ಕೊಟ್ಟಿದ್ದಕ್ಕ ನಾ ಮನಿಗೆ ಹೋಗಬೇಕೇನ್ರಿ? ಹೋಗಂಗಿಲ್ಲ." ಹಾಗೆಂದು ಎದ್ದು, ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ಮೈದಾನಕ್ಕೆ ಬೆನ್ನು ಹಾಕಿ ಕೂತರು. ಎದುರಿಗೆ ಬರೀ ಜೋಳದ ಹೊಲ. "ನಾ ಹೊಲ ನೋಡಾಕ ಹತ್ತೇನಿ. ಆಟ ಅಲ್ಲ. ಹೇಳ್ರಿ ಆಕಿಗೆ."

ಹೇಳಿದೆ. ಅವಳು ಕಣ್ಣೊರೆಸಿಕೊಂಡು ಸೆರಗನ್ನು ಸೊಂಟಕ್ಕೆ ಬಿಗಿದಳು. ಆಟ ಮುಗಿಯಲು ಸ್ವಲ್ಪ ಹೊತ್ತಿದ್ದಾಗ ಚೆಂಡು ಅವಳಿಗೆ ಸಿಕ್ಕಿತು. ಈ ಸಲ ನಿಲ್ಲಲಿಲ್ಲ. ಚೆಂಡು ಕಂಬಗಳ ನಡುವೆ ಹಾದು, ಯಜಮಾನರ ಕುರ್ಚಿಯ ಪಕ್ಕದಲ್ಲೇ ಹೋಗಿ ಜೋಳದಲ್ಲಿ ಬಿತ್ತು. ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಎರಡು ದಿನ ಪಾಠ ಮಾಡಲಾಗಲಿಲ್ಲ.

ಅಷ್ಟರಲ್ಲಿ ರಾಮದುರ್ಗದ ಕ್ಯಾಪ್ಟನ್ ಕೈ ಎತ್ತಿದಳು. "ಆಫ್‌ಸೈಡ್ ರಿ! ಚೆಂಡ ಕೊಟ್ಟಾಗ ಆಕಿ ಮುಂದ ನಮ್ಮ ಗೋಲ್‌ಕೀಪರ್ ಒಬ್ಬಾಕೀನ ಇದ್ಲು. ಇನ್ನೊಬ್ರು ಇರಬೇಕು, ಇರಲಿಲ್ಲ!"

ರೆಫರಿ ಏದುಸಿರು ಬಿಡುತ್ತ ಮೈದಾನದ ಆ ತುದಿಯಲ್ಲಿದ್ದರು, ಅವರಿಗೆ ಕಂಡಿರಲಿಲ್ಲ. ಸೀಟಿ ಬಾಯಲ್ಲೇ ಉಳಿಯಿತು. ಗೋಣಿಚೀಲದವನು ಚೀಲದ ಬಾಯಿ ಬಿಡಿಸಿದ.

ಆಗ ಹೊಲದ ಕಡೆ ಮುಖ ಮಾಡಿದ ಕುರ್ಚಿಯಿಂದ ದೊಡ್ಡ ದನಿ ಬಂತು: "ಇದ್ರು! ಇಬ್ಬರೂ ಇದ್ರು! ಗೋಲಿನ್ಯಾಗ ಒಬ್ಬಾಕಿ, ಎಡಕ್ಕ ಹಸರ ಕುಬಸದಾಕಿ ಒಬ್ಬಾಕಿ!"

ಎಲ್ಲರೂ ಹಸಿರು ಕುಬುಸ ಹುಡುಕಿದರು. ಇಡೀ ಮೈದಾನದಲ್ಲಿ ಇದ್ದದ್ದು ಒಂದೇ, ಅದನ್ನು ತೊಟ್ಟವಳು ರಾಮದುರ್ಗದ ಕ್ಯಾಪ್ಟನ್ನೇ. ಅವಳು ತನ್ನ ಕುಬುಸ ನೋಡಿಕೊಂಡಳು, ಕುರ್ಚಿಯ ಬೆನ್ನು ನೋಡಿದಳು, ನಕ್ಕುಬಿಟ್ಟಳು. "ಹೌದ್ ಬಿಡ್ರಿ. ನಾನs ಅಲ್ಲಿ ನಿಂತಿದ್ದೆ" ಎಂದಳು.

ರೆಫರಿ ಸೀಟಿ ಊದಿದರು, ಗೋಲು ಆಯಿತು. ಸಾಹುಕಾರರು ಎದ್ದು ನಿಂತು ಮುಂದಿನ ವರ್ಷವೂ ಇದೇ ಕಪ್, ಇದೇ ಹೆಣ್ಣುಮಕ್ಕಳಿಗೆ ಎಂದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ, ನಾಚಿಕೆ ಏನೂ ಆಗಲಿಲ್ಲ.

ರೆಫರಿಗೆ ಮಾತ್ರ ಒಂದು ಅನುಮಾನ ಉಳಿದಿತ್ತು. ಕುರ್ಚಿಯ ಹತ್ತಿರ ಹೋಗಿ ಕೇಳಿದರು: "ಯಜಮಾನ್ರ, ಸೊಸಿ ಆಟ ನೋಡಂಗಿಲ್ಲಂತ ಬೆನ್ನ ಹಾಕಿ ಕುಂತಿದ್ರಲ್ಲ?"

ಯಜಮಾನರು ಈಗಲೂ ತಿರುಗಲಿಲ್ಲ. ಜೋಳದ ಹೊಲವನ್ನೇ ನೋಡುತ್ತ ಗಂಭೀರವಾಗಿ ಹೇಳಿದರು:

"ಸೊಸಿ ಆಟ ನಾ ಎಲ್ಲಿ ನೋಡೇನ್ರಿ? ನಾ ನೋಡಿದ್ದು ರಾಮದುರ್ಗದವರ ಆಟ ಅಷ್ಟ."