ನೂಲು ಕಟ್ಟಿದ ಡ್ರೋನು

ಗಂಡ ಹೆಂಡಿರ ನಡುವೆ ಮಾತು ನಿಲ್ಲಲು ಸಾವಿರ ಕಾರಣ ಇರುತ್ತವೆ. ತವರಿನ ಸುದ್ದಿ, ನಾದಿನಿಯ ಸುದ್ದಿ, ಉಪ್ಪು ಹೆಚ್ಚಾದ ಸಾರು. ರಬಕವಿಯ ಮಾಂತೇಶನ ಮನೆಯಲ್ಲಿ ಮಾತ್ರ ಮಾತು ನಿಂತದ್ದು ಒಂದು ಹದ್ದಿನ ಸಲುವಾಗಿ.

ಮನೆಯ ಹಿತ್ತಲಲ್ಲಿ ಒಂದು ಹುಣಸೆ ಮರ, ಅದರ ಕೆಳಗೆ ಮಾಂತೇಶನ ಕಾರ್ಖಾನೆ. (ಕಾರ್ಖಾನೆ ಎಂದರೆ ನಾಲ್ಕು ಮಗ್ಗ, ಮೇಲೊಂದು ತಗಡು. ನಮ್ಮೂರಲ್ಲಿ ಎರಡು ಮಗ್ಗ ಇದ್ದವನೂ ಕಾರ್ಖಾನೆ ಎಂದೇ ಹೇಳುತ್ತಾನೆ, ಕೇಳುವವರೂ ನಗುವುದಿಲ್ಲ.) ಮರದ ತುದಿಯ ಕವಲಿನಲ್ಲಿ ಹದ್ದಿನ ಜೋಡಿ ಗೂಡು ಕಟ್ಟಿತ್ತು. ಹೆಂಡತಿ ಮಂಗಲಾ ಅಂಗಳದಲ್ಲಿ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ದಿನವೂ ಅದನ್ನು ನೋಡುತ್ತಿದ್ದಳು. ಮರಿಯ ಸಣ್ಣ ದನಿ ಕೇಳಿದ ದಿನವಂತೂ ಅವಳು ಮನೆಮಂದಿಗೆಲ್ಲ ಶಿರಾ ಮಾಡಿದಳು.

ಆ ಮರದ ಒಂದು ಕೊಂಬೆ ಗಾಳಿಗೆ ತಗಡನ್ನು ತಿಕ್ಕಿ ಕಿರ್ ಎನ್ನುತ್ತಿತ್ತು. ಮಾಂತೇಶ ಯಾರನ್ನೂ ಕೇಳದೆ ಅದನ್ನು ಕಡಿಸಿಬಿಟ್ಟ. ಮರುದಿನದಿಂದ ಗೂಡಿನ ಹತ್ತಿರ ತಾಯಿ ಹದ್ದು ಕಾಣಲಿಲ್ಲ, ಮರಿಯ ದನಿಯೂ ಕೇಳಲಿಲ್ಲ. ಮರಿ ಸತ್ತಿದೆ, ಕೊಂದವನು ಗಂಡ ಎಂದು ಮಂಗಲಾ ತೀರ್ಪು ಕೊಟ್ಟಳು. ಆಮೇಲೆ ಅವನಿಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಬಂತು, ಚಹಾ ಬಂತು, ಹೆಂಡತಿಯ ಮಾತು ಬರಲಿಲ್ಲ, ನಗೆಯಂತೂ ದೂರವೇ ಉಳಿಯಿತು. ಹೇಳಲೇಬೇಕಾದದ್ದನ್ನು ಅತ್ತೆ ಅನಸವ್ವನ ಮೂಲಕ ಹೇಳಿಸುತ್ತಿದ್ದಳು. ನಾಲ್ಕು ದಿನ ಹೀಗೆ ಸುದ್ದಿ ಸಾಗಿಸಿದ ಮೇಲೆ ಅನಸವ್ವ ತಾನು ಟಪಾಲಿನವಳಲ್ಲ ಎಂದು ಸಾರಿ ಮೊಣಕಾಲಿಗೆ ಎಣ್ಣೆ ಹಚ್ಚುತ್ತ ಕುಳಿತಳು.

ಮಾಂತೇಶನಿಗೆ ನಗೆಯಿಲ್ಲದ ಮನೆ ಬಿಕೋ ಎನ್ನತೊಡಗಿತು. ಮರಿ ಬದುಕಿದೆ ಎಂದು ತೋರಿಸಿದರೆ ಅವಳು ನಕ್ಕಾಳು ಎನಿಸಿತು. ಅದರ ಜೊತೆಗೆ, ಖರೆ ಹೇಳಬೇಕೆಂದರೆ, ಕುತೂಹಲವೂ ಹತ್ತಿಕೊಂಡಿತು. ಮರಿ ನಿಜವಾಗಿ ಇದೆಯೋ ಇಲ್ಲವೋ? ಇದ್ದರೆ ಹೇಗಿರುತ್ತದೆ? ಹದ್ದಿನ ಗೂಡಿನೊಳಗೆ ಇಣುಕಿದವರು ಯಾರಿದ್ದಾರೆ? ಅವನ ಸೋದರಮಾವನ ಮಗ ನವೀನ ಬನಹಟ್ಟಿಯಲ್ಲಿ ಲಗ್ನಗಳ ವಿಡಿಯೋ ಮಾಡುವವನು. ಅವನ ಹತ್ತಿರ ಹಳೆಯದೊಂದು ಸಣ್ಣ ಡ್ರೋನ್ ಇತ್ತು.

ನವೀನ ಕೊಡುವ ಮುಂಚೆ ಉಪದೇಶ ಮಾಡಿದ. ಗೂಡಿನ ಹತ್ತಿರ ಒಯ್ಯಬಾರದು. ದೂರ ನಿಲ್ಲಿಸಿ ಜೂಮ್ ಹಾಕಬೇಕು. ಹದ್ದು ರೆಕ್ಕೆ ಬಿಚ್ಚಿತೆಂದರೆ ಸುಮ್ಮನೆ ಹಿಂದೆ ತಂದು ಇಳಿಸಬೇಕು. ಮರಿಯಿರುವ ಹಕ್ಕಿ ಹೆದರಿ ಗೂಡು ಬಿಟ್ಟರೆ ಆ ಪಾಪ ಹಾರಿಸಿದವನಿಗೆ. ಎಲ್ಲಕ್ಕಿಂತ ಮುಖ್ಯವಾಗಿ ಡ್ರೋನ್ ಕಣ್ಣು ತಪ್ಪಬಾರದು, ಕೈ ತಪ್ಪಬಾರದು. ಮಾಂತೇಶ ಎಲ್ಲದಕ್ಕೂ ತಲೆಯಾಡಿಸಿದ. ತಲೆಯೊಳಗೆ ಉಳಿದದ್ದು ಮಾತ್ರ ಕೊನೆಯ ಮಾತು.

ಕೈ ತಪ್ಪಬಾರದು ಎಂದರೆ ನೇಕಾರನಿಗೆ ಒಂದೇ ಅರ್ಥ. ನೂಲು ಹರಿದರೆ ಮಗ್ಗ ನಿಲ್ಲುತ್ತದೆ, ನೂಲು ಇದ್ದರೆ ಎಲ್ಲವೂ ಕೈಯೊಳಗಿರುತ್ತದೆ. ಏಳು ತಲೆಮಾರಿನಿಂದ ನೂಲನ್ನೇ ನಂಬಿದ ವಂಶ, ಕಣ್ಣಿಗೆ ಕಾಣದ ರಿಮೋಟಿನ ಸಂಬಂಧವನ್ನು ಹೇಗೆ ನಂಬೀತು? ಮಾಂತೇಶ ನೂಲು ಸುತ್ತಿದ ಕೋನಿನಿಂದ ಎಷ್ಟು ಎಳೆದರೂ ಹರಿಯದ ಪಾಲಿಯೆಸ್ಟರ್ ನೂಲು ತೆಗೆದು ಡ್ರೋನಿನ ಹೊಟ್ಟೆಗೆ ಭದ್ರವಾಗಿ ಗಂಟು ಹಾಕಿದ. ಇಂಥ ಜವಾಬ್ದಾರಿಯುತ ಹಾರಾಟ ಜಗತ್ತಿನಲ್ಲಿ ಇದೇ ಮೊದಲು ಎಂದು ಅವನಿಗೆ ಹೆಮ್ಮೆಯೂ ಆಯಿತು.

ಡ್ರೋನು ಮೇಲೆದ್ದಿತು. ಕೋನು ಗಿರಗಿರ ತಿರುಗುತ್ತ ನೂಲು ಬಿಟ್ಟುಕೊಟ್ಟಿತು. ಮೊಬೈಲಿನ ಪರದೆಯಲ್ಲಿ ಗೂಡು ಕಡ್ಡಿಗಳ ಸಣ್ಣ ರಾಶಿಯಂತೆ ಕಂಡಿತು. ಜೂಮ್ ಎಲ್ಲಿದೆ ಎಂಬುದು ಮರೆತುಹೋಗಿತ್ತು. ಸ್ವಲ್ಪ ಹತ್ತಿರ ಹೋದರೆ ಏನಾಗುತ್ತದೆ ಎಂದುಕೊಂಡ. ಇನ್ನೂ ಸ್ವಲ್ಪ. ಆಗ ಎಲ್ಲಿತ್ತೋ ತಾಯಿ ಹದ್ದು, ಮರದ ಆಚೆ ಬದಿಯಿಂದ ಭುಗ್ಗನೆ ಎದ್ದು ಬಂತು. ಮಾಂತೇಶ ಗಾಬರಿಯಾಗಿ ಎಲ್ಲ ಗುಂಡಿಗಳನ್ನೂ ಒತ್ತಿದ. ಡ್ರೋನು ಗೂಡನ್ನು ದಾಟಿ ಆಚೆ ಹೋಗಿ, ತನ್ನದೇ ನೂಲನ್ನು ರೆಕ್ಕೆಗೆ ಸುತ್ತಿಕೊಂಡು ಉಸಿರು ಬಿಟ್ಟಿತು.

ಈಗ ಪರಿಸ್ಥಿತಿ ಹೀಗಿತ್ತು. ಗೂಡಿದ್ದ ಕವಲೇ ಬಾವಿಯ ಗಡಗಡಿ. ಆಚೆ ಬದಿ ಕೊಡದ ಹಾಗೆ ಡ್ರೋನು ಜೋತಾಡುತ್ತಿದೆ, ಈಚೆ ಬದಿಯ ನೂಲು ಮಾಂತೇಶನ ಕೈಯಲ್ಲಿ. ಜಗ್ಗಿದರೆ ಡ್ರೋನು ಬಂದು ಗೂಡಿಗೆ ಗುದ್ದುತ್ತದೆ. ಬಿಟ್ಟರೆ ಅದು ಬೀಳುತ್ತ ನೂಲನ್ನು ಗೂಡಿನ ಮೇಲೆಯೇ ಎಳೆದುಕೊಂಡು ಹೋಗುತ್ತದೆ, ಒಳಗೆ ಮರಿಯಿದ್ದರೆ ಅದರ ಕಾಲು ಕತ್ತರಿಸುತ್ತದೆ. ಮಾಂತೇಶ ಜಗ್ಗಲೆಂದು ಕೈ ಎತ್ತಿದ್ದೇ ತಡ, ಕಂಡಿಕೆ ಬಿಟ್ಟು ಮಂಗಲಾ ಓಡಿ ಬಂದಳು.

“ಜಗ್ಗಬ್ಯಾಡ್ರಿ. ಬಿಡಾಕೂ ಬ್ಯಾಡ್ರಿ. ಹೆಂಗ ಅದೀರಿ ಹಂಗ ನಿಲ್ರಿ.”

ಹೆಂಡತಿ ಮಾತಾಡಿದಳಲ್ಲ ಎಂದು ಅವನಿಗೆ ಒಂದು ಗಳಿಗೆ ಸಂತೋಷವೇ ಆಯಿತು. ಎಷ್ಟು ಹೊತ್ತು ನಿಲ್ಲಬೇಕೆಂದು ಕೇಳಿದ. ಫೋನ್ ಹಚ್ಚಿ ಕರೆಸುತ್ತೇನೆ, ಅರಣ್ಯ ಇಲಾಖೆಯವರು ಬರುವ ತನಕ ಎಂದಳು. ನೂಲನ್ನು ಕಂಬಕ್ಕೆ ಕಟ್ಟಿದರಾಗದೇ ಎಂದ. ಗಾಳಿಗೆ ಮರ ತೂಗುತ್ತದೆ, ಕಂಬಕ್ಕೆ ನೂಲಿನ ಬಿಗಿ ಗೊತ್ತಾಗುತ್ತದೆಯೇ, ನೀವು ನೇಕಾರರೋ ಅಲ್ಲವೋ ಎಂದಳು.

ಹೀಗೆ ಮಾಂತೇಶ ಫಾಲ್ಗುಣದ ಬಿಸಿಲಿನಲ್ಲಿ, ಒಂದು ಕೈ ಆಕಾಶಕ್ಕೆತ್ತಿ, ಸರ್ಕಲ್ಲಿನ ಪುತ್ಥಳಿಯಂತೆ ನಿಂತ. ಕೊಂಬೆ ಈಚೆ ಬಾಗಿದರೆ ಒಂದು ಗೇಣು ಎಳೆದುಕೊಳ್ಳಬೇಕು, ಆಚೆ ಬಾಗಿದರೆ ಒಂದು ಗೇಣು ಬಿಡಬೇಕು. ಓಣಿಯ ಜನ ಗೋಡೆಯ ಮೇಲಿಂದ ಇಣುಕಿ ಇದು ಯಾವ ಹರಕೆ ಎಂದು ವಿಚಾರಿಸಿದರು. ತಾಯಿ ಹದ್ದು ಎದುರಿನ ವಿದ್ಯುತ್ ಕಂಬದ ಮೇಲೆ ಕುಳಿತು ಅವನ ಮುಖವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಅಭ್ಯಾಸ ಮಾಡಿತು. ಊಟದ ಹೊತ್ತಿಗೆ ಅನಸವ್ವ ರೊಟ್ಟಿ ಪಲ್ಯ ತಂದು ತುತ್ತು ಮಾಡಿದಳು.

“ಬಾಯಿ ತೆರಿಲೇ. ಆ ಹದ್ದಿನ ಮರಿಗಿಂತ ನಿನ್ನ ಸಾಕೂದ ಹೆಚ್ಚಾತು ನನಗ.”

ಬಿಸಿಲು ಇಳಿಯುವಾಗ ಇಲಾಖೆಯ ಮಲಕಾಜಪ್ಪ ಏಣಿ, ಹೆಲ್ಮೆಟ್, ತುದಿಗೆ ಕುಡುಗೋಲು ಕಟ್ಟಿದ ಗಳ ಹಿಡಿದು ಬಂದರು. ಸದ್ದಿಲ್ಲದೆ ಏರಿದರು, ಡ್ರೋನನ್ನು ಹಿಡಿದುಕೊಂಡು ನೂಲನ್ನು ಬಿಡಿಸಿ ಸುತ್ತಿಕೊಂಡರು, ಗೂಡಿನೊಳಗೆ ಒಮ್ಮೆ ನೋಡಿದರು. ಕೆಳಗೆ ಮಂಗಲಾ ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದಳು.

“ಎರಡು ಅದಾವ ನೋಡ್ರಿ,” ಎಂದರು ಮೇಲಿಂದ. “ಎರಡೂ ಛಲೋ ಅದಾವ.”

ಕೊಂಬೆ ಕಡಿದ ಮೇಲೆ ಹದ್ದು ಆಚೆ ಬದಿಯಿಂದ ಬಂದು ಹೋಗುತ್ತಿತ್ತಂತೆ, ಮರಿಗಳೂ ಅತ್ತಲೇ ತಿರುಗಿ ಕೂಗುತ್ತಿದ್ದವಂತೆ, ಅದಕ್ಕೇ ಅಂಗಳಕ್ಕೆ ಕಾಣಲೂ ಇಲ್ಲ, ಕೇಳಲೂ ಇಲ್ಲ. ಕೊಂಬೆ ಕಡಿದಾಗ ಮರಿಗಳಿಗೆ ಏನೂ ಆಗಿರಲಿಲ್ಲ, ಆಗುವುದಿದ್ದರೆ ಈ ದಾರದಿಂದಲೇ ಆಗಬೇಕಿತ್ತು ಎಂದು ಮಲಕಾಜಪ್ಪ ಇಳಿದು ಬಂದು ವಿವರಿಸಿದರು. ಮಂಗಲಾ ಸಂತೋಷಕ್ಕೆ ಅತ್ತಳು, ಗಂಡನನ್ನು ನೋಡಿದಳು, ಮುಖ ತಿರುಗಿಸಿ ಒಳಗೆ ಹೋದಳು. ಮೊದಲಿನ ಅಪರಾಧ ಮಾಫ್ ಆಗಿ ಹೊಸದು ದಾಖಲಾಗಿತ್ತು.

ಅವಳ ಸಿಟ್ಟಾದರೂ ಮಾತಿಗಷ್ಟೇ. ಹದ್ದಿನದು ಹಾಗಿರಲಿಲ್ಲ. ಮರುದಿನ ಬೆಳಿಗ್ಗೆ ಮಾಂತೇಶ ಕಾರ್ಖಾನೆಗೆ ಹೊರಟದ್ದೇ ತಡ, ಅದು ಬಂದು ಅವನ ತಲೆಗೆ ಉಗುರು ತಾಗಿಸಿ ಹೋಯಿತು. ಮರ ಹತ್ತಿದ ಮಲಕಾಜಪ್ಪನವರ ಮೇಲೆ ಅದಕ್ಕೆ ದ್ವೇಷವಿಲ್ಲ, ಮಗ್ಗ ನಡೆಸುವ ಆಳುಗಳ ಮೇಲಿಲ್ಲ. ಅನಸವ್ವನಂತೂ ಮರದ ಕೆಳಗೇ ಕುಳಿತು ಎಲೆ ಅಡಿಕೆ ಹಾಕುತ್ತಿದ್ದಳು. ಇಡೀ ಮಧ್ಯಾಹ್ನ ಒಂದೇ ಭಂಗಿಯಲ್ಲಿ ನಿಂತು ಮುಖ ಪರಿಚಯ ಮಾಡಿಕೊಟ್ಟದ್ದು ಮಾಂತೇಶನೊಬ್ಬನೇ.

ಹಕ್ಕಿ ಮನುಷ್ಯನನ್ನು ಗುರುತಿಸುವುದು ಯಾವುದರಿಂದ ಎಂಬ ಹೊಸ ಕುತೂಹಲ ಅವನಲ್ಲಿ ಹುಟ್ಟಿತು. ಟೊಪ್ಪಿಗೆ ಹಾಕಿ ಹೋದ, ಟೊಪ್ಪಿಗೆ ಹೋಯಿತು. ಕೊಡೆ ಹಿಡಿದ, ಕೊಡೆಗೆ ತೂತಾಯಿತು. ಮುಖ ಕಾಣದಿರಲೆಂದು ಹಿಂದು ಹಿಂದಾಗಿ ನಡೆದ, ನೀರಿನ ತೊಟ್ಟಿಯಲ್ಲಿ ಬಿದ್ದ. ಅಷ್ಟರಲ್ಲಿ ಕಾರ್ಖಾನೆ ಮಂಗಲಾಳ ಕೈಗೆ ಹೋಗಿ, ಮಾಲೀಕ ಅಡಿಗೆಮನೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತ ಕುಳಿತ.

ಕೊನೆಗೊಂದು ದಿನ ತಡೆಯಲಾರದೆ, ಮಗ್ಗದಿಂದ ಆಗಷ್ಟೇ ಇಳಿದು ಮನೆಗೆ ಬಂದಿದ್ದ ಕೆಂಪಂಚಿನ ಸೀರೆಯೊಂದನ್ನು ಲುಂಗಿ ಅಂಗಿಯ ಮೇಲೆ ಸುತ್ತಿಕೊಂಡ. ತಲೆ ತುಂಬ ಸೆರಗು ಹೊದ್ದು ಹಿತ್ತಲ ಬಾಗಿಲು ದಾಟಿದ. ಹದ್ದು ಕೊಂಬೆಯ ಮೇಲಿತ್ತು. ಕತ್ತು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೊರಳಿಸಿ ನೋಡಿತು, ಕುಳಿತಲ್ಲೇ ಕುಳಿತಿತು. ಮಾಂತೇಶ ಉಸಿರು ಬಿಗಿಹಿಡಿದು, ಸಣ್ಣ ಹೆಜ್ಜೆ ಇಡುತ್ತ ಕಾರ್ಖಾನೆಯ ಬಾಗಿಲು ಮುಟ್ಟಿದ.

ಒಳಗೆ ಒಂದೊಂದಾಗಿ ನಾಲ್ಕೂ ಮಗ್ಗ ನಿಂತವು. ಮಂಗಲಾ ತಿರುಗಿ ನೋಡಿದಳು. ಮೊದಲು ತುಟಿ ಕಚ್ಚಿದಳು, ಆಮೇಲೆ ಬಾಗಿಲ ಚೌಕಟ್ಟು ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಮಾಂತೇಶನಿಗೆ ನಾಚಿಕೆಯೂ ಆಯಿತು, ಜೀವ ತಣ್ಣಗೂ ಆಯಿತು. ಆ ನಗೆಗಾಗಿಯೇ ಅಲ್ಲವೇ ಅವನು ಡ್ರೋನು ಹಾರಿಸಿದ್ದು? ಇನ್ನು ಸಾಕು ಎಂದು ಸೀರೆ ಬಿಚ್ಚಲು ಹೋದ. ಅವಳು ಬಂದು ಜಾರಿದ ಸೆರಗನ್ನು ಅವನ ತಲೆಗೆ ಸರಿ ಮಾಡಿದಳು.

“ಈ ಕೆಂಪು ನಿಮಗ ಒಪ್ಪೂದಿಲ್ಲರಿ,” ಎಂದಳು. “ನಾಳಿಗಿ ಹಸರು ತಗದಿಡ್ತೀನಿ. ಮರಿ ಹಾರಾಕ ಇನ್ನೂ ತಿಂಗಳ ಬೇಕಂತ.”